ಕಾರ್ಟೂನುಗಳ ಹೊಡೆದಾಟದ ಹಾಸ್ಯ ಮತ್ತು ಮಕ್ಕಳು

ಬಾಣಲೆಯಿಂದ ಮುಖಕ್ಕೆ ಬೀಳುವ ಏಟು, ಬೆಟ್ಟದ ಅಂಚಿನಿಂದ ಉರುಳಿ ಬೀಳುವುದು, ಕೈಯಲ್ಲೇ ಸಿಡಿಯುವ ಮದ್ದು. ಇಂಥ ಪೆಟ್ಟುಗಳಿಂದಲೇ ನಗೆ ಹುಟ್ಟಿಸುವ ಅನಿಮೇಷನ್ ಕಿರುಚಿತ್ರಗಳು ಸುಮಾರು ತೊಂಬತ್ತು ವರ್ಷಗಳಿಂದ ಜಗತ್ತಿನ ಮಕ್ಕಳ ನೆಚ್ಚಿನ ನೋಟವಾಗಿವೆ. ಟಾಮ್ ಅಂಡ್ ಜೆರ್ರಿ, ಪಾಪಾಯ್, ಬಗ್ಸ್ ಬನ್ನಿ, ರೋಡ್ ರನ್ನರ್ ಈ ಬಗೆಯ ಹೆಸರಾಂತ ಸರಣಿಗಳು. ಇವುಗಳಲ್ಲಿನ ಹೊಡೆದಾಟ ಮಕ್ಕಳ ನಡವಳಿಕೆಯನ್ನು ಒರಟಾಗಿಸುತ್ತದೆಯೇ ಎಂಬ ಪ್ರಶ್ನೆ ಮನೋವಿಜ್ಞಾನ, ಶಿಕ್ಷಣ ಮತ್ತು ಪ್ರಸಾರ ನೀತಿಯ ಕ್ಷೇತ್ರಗಳಲ್ಲಿ 1960ರ ದಶಕದಿಂದ ಚರ್ಚೆಯಲ್ಲಿದೆ. ಯಾದಗಿರಿ ತಾಲ್ಲೂಕಿನ ರಾಮಸಮುದ್ರ ಹಾಗೂ ಶಹಾಪುರ, ಸುರಪುರ ತಾಲ್ಲೂಕುಗಳ ಸೀಮೆಗೆ ಈ ಪ್ರಶ್ನೆ ಹತ್ತಿರದ್ದು. ಹಿಂದೆ ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದ ಈ ಭಾಗಕ್ಕೆ ಟಿ.ವಿ. ಬಂದದ್ದು ರಾಜಧಾನಿ ಬೆಂಗಳೂರಿಗಿಂತ ಮೊದಲು. ಅದೂ ಮಕ್ಕಳ ಪಾಠಕ್ಕಾಗಿ, ಊರಿನ ಸೊತ್ತಾಗಿ. ಸಾಮೂಹಿಕವಾಗಿ ಆರಂಭವಾದ ನೋಟ ಒಂಟಿ ನೋಟವಾಗಿ ಬದಲಾದ ಬಗೆಯನ್ನು ಇಲ್ಲಿ ಸ್ಪಷ್ಟವಾಗಿ ಕಾಣಬಹುದು.

ಹಾಸ್ಯದ ಹಿನ್ನೆಲೆ

ಹೊಡೆತ ತಿಂದು ನಗಿಸುವ ಪಾತ್ರ ಸಿನಿಮಾಕ್ಕಿಂತ ಬಹಳ ಹಳೆಯದು. 16ನೇ ಶತಮಾನದ ಇಟಲಿಯ ಕೊಮೆದಿಯಾ ದೆಲ್ಲಾರ್ತೆ ನಾಟಕಗಳಲ್ಲಿ ಎರಡು ಮರದ ಪಟ್ಟಿಗಳನ್ನು ಜೋಡಿಸಿದ ಕೋಲನ್ನು ಬಳಸುತ್ತಿದ್ದರು. ಮೈಗೆ ನೋವಾಗದಂತೆ ಜೋರಾಗಿ ಸದ್ದು ಮಾಡುವುದು ಅದರ ಕೆಲಸ. ಇಂಗ್ಲೆಂಡಿನ ಪಂಚ್ ಅಂಡ್ ಜೂಡಿ ಗೊಂಬೆಯಾಟದಲ್ಲಿ ಪಂಚ್ ಎಲ್ಲರನ್ನೂ ಕೋಲಿನಿಂದ ಬಡಿಯುತ್ತಾನೆ. ಮೂಕಿಚಿತ್ರಗಳ ಕಾಲದಲ್ಲಿ ಮ್ಯಾಕ್ ಸೆನೆಟ್, ಚಾರ್ಲಿ ಚಾಪ್ಲಿನ್, ಬಸ್ಟರ್ ಕೀಟನ್ ಇದೇ ಹಾಸ್ಯವನ್ನು ಪರದೆಗೆ ತಂದರು.

ಕರ್ನಾಟಕದ ತೊಗಲುಗೊಂಬೆಯಾಟದಲ್ಲಿಯೂ ಈ ಬಗೆಯ ಹಾಸ್ಯವಿದೆ. ರಾಮಾಯಣ, ಮಹಾಭಾರತದ ಪ್ರಸಂಗಗಳ ನಡುವೆ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಎಂಬ ವಿಕಾರ ರೂಪದ ಜೋಡಿ ಬಂದು ಜಗಳವಾಡಿ, ಬಡಿದಾಡಿ, ಜನರನ್ನು ನಗಿಸುತ್ತದೆ. ಯಕ್ಷಗಾನದ ಹನುಮನಾಯಕ, ದೊಡ್ಡಾಟದ ಸಾರಥಿ ಇದಕ್ಕೆ ಹತ್ತಿರದ ಹಾಸ್ಯಪಾತ್ರಗಳು. ಕನ್ನಡ ಚಿತ್ರರಂಗದಲ್ಲಿ ನರಸಿಂಹರಾಜು, ದ್ವಾರಕೀಶ್ ಮೈಯನ್ನೇ ಹಾಸ್ಯದ ಸಾಧನವಾಗಿಸಿಕೊಂಡು ಹೆಸರಾದರು. ಈ ಆಟಗಳನ್ನು ಮಕ್ಕಳು ಅಜ್ಜಿ, ತಾಯಿ, ನೆರೆಹೊರೆಯವರ ನಡುವೆ ಕುಳಿತು ನೋಡುತ್ತಿದ್ದರು. ಗೊಂಬೆ ಆಡಿಸುವವನು ಪರದೆಯ ಹಿಂದೆಯೇ ಇರುತ್ತಿದ್ದ. ಮಗು ಹೆದರಿದರೆ, ತಪ್ಪಾಗಿ ತಿಳಿದರೆ, ಸರಿಪಡಿಸುವ ಜನ ಪಕ್ಕದಲ್ಲೇ ಇದ್ದರು.

ಕಾರ್ಟೂನುಗಳ ಉಚ್ಛ್ರಾಯ ಕಾಲ

ವಾಲ್ಟ್ ಡಿಸ್ನಿಯ ಸ್ಟೀಮ್‌ಬೋಟ್ ವಿಲ್ಲಿ 1928ರಲ್ಲಿ ತೆರೆ ಕಂಡ ಮೇಲೆ ಧ್ವನಿಯುಳ್ಳ ಕಾರ್ಟೂನುಗಳಿಗೆ ದೊಡ್ಡ ಮಾರುಕಟ್ಟೆ ದೊರೆಯಿತು. ವಾರ್ನರ್ ಬ್ರದರ್ಸ್ ಸಂಸ್ಥೆಯ ಲೂನಿ ಟ್ಯೂನ್ಸ್ 1930ರಲ್ಲಿ ಆರಂಭವಾಯಿತು. ಪತ್ರಿಕೆಯ ಚಿತ್ರಕಥೆಯಲ್ಲಿ 1929ರಲ್ಲಿ ಹುಟ್ಟಿದ್ದ ಪಾಪಾಯ್ 1933ರಲ್ಲಿ ಫ್ಲೈಶರ್ ಸಹೋದರರ ಮೂಲಕ ಪರದೆಗೆ ಬಂದ. ವಿಲಿಯಂ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ ಎಂ.ಜಿ.ಎಂ. ಸಂಸ್ಥೆಗಾಗಿ ರಚಿಸಿದ ಬೆಕ್ಕು ಮತ್ತು ಇಲಿಯ ಮೊದಲ ಚಿತ್ರ 1940ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು. ಅದರಲ್ಲಿ ಬೆಕ್ಕಿನ ಹೆಸರು ಜಾಸ್ಪರ್. ಟಾಮ್ ಎಂಬ ಹೆಸರು ಅನಂತರದ್ದು. ಹ್ಯಾನಾ ಮತ್ತು ಬಾರ್ಬೆರಾ 1958ರವರೆಗೆ ಈ ಸರಣಿಯ 114 ಕಿರುಚಿತ್ರಗಳನ್ನು ಮಾಡಿದರು. ಅವುಗಳಲ್ಲಿ ಏಳಕ್ಕೆ ಆಸ್ಕರ್ ಪ್ರಶಸ್ತಿ ಬಂತು. ಚಕ್ ಜೋನ್ಸ್ 1949ರಲ್ಲಿ ರೋಡ್ ರನ್ನರ್ ಹಕ್ಕಿಯನ್ನೂ ಅದನ್ನು ಹಿಡಿಯಲು ಹೋಗಿ ಪ್ರತಿ ಸಲವೂ ತಾನೇ ಪೆಟ್ಟು ತಿನ್ನುವ ಕಯೋಟಿ ತೋಳವನ್ನೂ ಪರಿಚಯಿಸಿದರು.

ಈ ಚಿತ್ರಗಳು ಮಕ್ಕಳಿಗೆಂದೇ ತಯಾರಾದವಲ್ಲ ಎಂಬುದು ಗಮನಾರ್ಹ. ಚಿತ್ರಮಂದಿರಗಳಲ್ಲಿ ಮುಖ್ಯ ಚಿತ್ರಕ್ಕೆ ಮೊದಲು ಎಲ್ಲ ವಯಸ್ಸಿನವರಿಗೂ ಇವನ್ನು ತೋರಿಸುತ್ತಿದ್ದರು. ಅಮೆರಿಕದಲ್ಲಿ ಟಿ.ವಿ. ಮನೆಮನೆಗೆ ಬಂದ ಮೇಲೆ ಹಳೆಯ ಕಿರುಚಿತ್ರಗಳನ್ನು ಕೊಂಡು ಶನಿವಾರದ ಬೆಳಗಿನ ಮಕ್ಕಳ ವೇಳೆಗೆ ಹಾಕಿದರು. ದೊಡ್ಡವರ ನಡುವೆ ವಾರಕ್ಕೊಮ್ಮೆ ನೋಡುತ್ತಿದ್ದ ಏಳೆಂಟು ನಿಮಿಷದ ಹಾಸ್ಯವನ್ನು ಮಕ್ಕಳು ತಾವಷ್ಟೇ ಕುಳಿತು ಒಂದಾದ ಮೇಲೊಂದರಂತೆ ನೋಡತೊಡಗಿದರು. ಆತಂಕ ಹುಟ್ಟಿದ್ದು ಈ ಬದಲಾವಣೆಯಿಂದ.

ಪೆಟ್ಟು ನಗೆಯಾಗುವ ಬಗೆ

ಅನಿಮೇಷನ್ ಕಲೆಯಲ್ಲಿ ದೇಹವನ್ನು ಹಿಗ್ಗಿಸುವುದು, ಕುಗ್ಗಿಸುವುದು ಮೂಲ ತಂತ್ರ. ಇಸ್ತ್ರಿಪೆಟ್ಟಿಗೆ ಮೇಲೆ ಬಿದ್ದರೆ ಟಾಮ್ ರೊಟ್ಟಿಯಂತೆ ಚಪ್ಪಟೆಯಾಗುತ್ತಾನೆ, ಮರುಕ್ಷಣ ಮೊದಲಿನಂತಾಗುತ್ತಾನೆ. ರಕ್ತವಿಲ್ಲ, ಗಾಯವಿಲ್ಲ, ಅಳುವಿಲ್ಲ. ಪೆಟ್ಟಿನ ಪ್ರತಿ ಕ್ಷಣಕ್ಕೂ ಸಂಗೀತ ಹೆಜ್ಜೆ ಹಾಕುತ್ತದೆ. ಟಾಮ್ ಅಂಡ್ ಜೆರ್ರಿ ಚಿತ್ರಗಳಿಗೆ ಸ್ಕಾಟ್ ಬ್ರಾಡ್ಲಿ ರಚಿಸಿದ ಸಂಗೀತ ಇದಕ್ಕೆ ಹೆಸರುವಾಸಿ. ಹಿಂಬಾಲಿಸುವ ದೊಡ್ಡ ಪ್ರಾಣಿ ಸೋಲುವುದು, ಪುಟ್ಟದು ಜಾಣತನದಿಂದ ಗೆಲ್ಲುವುದು ಕಥೆಯ ಚೌಕಟ್ಟು. ಮನೆಯಲ್ಲೂ ಶಾಲೆಯಲ್ಲೂ ತಾನೇ ಚಿಕ್ಕವನಾಗಿರುವ ಮಗುವಿಗೆ ಇಲಿಯ ಗೆಲುವು ತನ್ನದೇ ಗೆಲುವು ಅನ್ನಿಸುತ್ತದೆ. ಈ ಚಿತ್ರಗಳ ದೊಡ್ಡ ಆಕರ್ಷಣೆ ಇದೇ. ಇದರಲ್ಲಿ ತಪ್ಪೇನೂ ಇಲ್ಲ.

ಸಂಶೋಧಕರ ಕಳವಳ ಇರುವುದು ಇನ್ನೊಂದು ಕಡೆ. ನಗು ಪೆಟ್ಟಿನ ನೋವನ್ನು ಮರೆಸುತ್ತದೆ. ಗೆದ್ದವನು ಹೊಡೆದೇ ಗೆದ್ದಿರುತ್ತಾನೆ. ಹೊಡೆದದ್ದಕ್ಕೆ ಅವನಿಗೆ ಶಿಕ್ಷೆಯಿಲ್ಲ. ಅಮೆರಿಕದಲ್ಲಿ 1990ರ ದಶಕದ ನಡುವೆ ಮೂರು ವರ್ಷ ನಡೆದ ರಾಷ್ಟ್ರೀಯ ಟೆಲಿವಿಷನ್ ಹಿಂಸಾ ಅಧ್ಯಯನ, ನೋವು ಮತ್ತು ದೀರ್ಘಕಾಲದ ಪರಿಣಾಮಗಳನ್ನು ಮಕ್ಕಳ ಕಾರ್ಯಕ್ರಮಗಳು ಅಪರೂಪಕ್ಕಷ್ಟೇ ತೋರಿಸುತ್ತವೆ ಎಂದು ಎತ್ತಿ ಹೇಳಿತು. ಏಳು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಅಪಾಯ ತರಬಹುದಾದ ದೃಶ್ಯಗಳು ಹೆಚ್ಚಾಗಿ ಕಾರ್ಟೂನುಗಳಲ್ಲೇ ಇವೆ ಎಂಬುದೂ ಅದರ ನಿರ್ಣಯ.

ಯಾದಗಿರಿ ಸೀಮೆಗೆ ಪರದೆ ಬಂದ ಬಗೆ

ಭಾರತದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ, ಅಂದರೆ ಸೈಟ್, 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆಯಿತು. ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ಬಂದವು. ಕರ್ನಾಟಕದಲ್ಲಿ ಇದಕ್ಕೆ ಆಯ್ಕೆಯಾದ ಜಿಲ್ಲೆಗಳು ಗುಲ್ಬರ್ಗಾ, ರಾಯಚೂರು ಮತ್ತು ವಿಜಾಪುರ. ಯಾದಗಿರಿ, ಶಹಾಪುರ, ಸುರಪುರ ಆಗ ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕುಗಳು. ಸಾರ್ವಜನಿಕ ಸ್ಥಳದಲ್ಲಿ, ಹೆಚ್ಚಾಗಿ ಶಾಲೆಯಲ್ಲಿ, ಟಿ.ವಿ. ಇಡುತ್ತಿದ್ದರು. ಬೆಳಗಿನ ಒಂದೂವರೆ ಗಂಟೆ 5ರಿಂದ 12 ವರ್ಷದ ಮಕ್ಕಳಿಗೆ ಮೀಸಲು. ಭಾಷೆಗಳು ಹಂಚಿಕೊಳ್ಳುತ್ತಿದ್ದ ಆ ಅವಧಿಯಲ್ಲಿ ಕನ್ನಡಕ್ಕೂ ಪಾಲಿತ್ತು. ಸಂಜೆಯ ಎರಡೂವರೆ ಗಂಟೆ ಊರಿನವರೆಲ್ಲರಿಗೂ. ತರಗತಿಯಲ್ಲಿ ಶಿಕ್ಷಕರ ಎದುರು, ಸಂಜೆ ಹಿರಿಯರ ಜೊತೆ ನೋಡುವುದು ಈ ವ್ಯವಸ್ಥೆಯ ಭಾಗವೇ ಆಗಿತ್ತು. ಪ್ರಾಥಮಿಕ ಶಾಲೆಯ ಮಕ್ಕಳ ಮೇಲೆ ಇದರ ಪರಿಣಾಮವನ್ನು ಅಳೆದವರು ಭಾಷಾ ಬೆಳವಣಿಗೆಯಲ್ಲಿ ಪ್ರಯೋಜನ ಕಂಡರು.

ಪ್ರಯೋಗ ಮುಗಿದ ಮೇಲೆ 1977ರಲ್ಲಿ ಗುಲ್ಬರ್ಗಾದಲ್ಲಿ ದೂರದರ್ಶನದ ಪ್ರಸಾರ ಶುರುವಾಯಿತು. ಬೆಂಗಳೂರಿಗೆ ಅದು ಬಂದದ್ದು 1981ರಲ್ಲಿ. 1990ರ ದಶಕದ ಭಾನುವಾರಗಳಂದು ದೂರದರ್ಶನ ಡಕ್ ಟೇಲ್ಸ್, ದಿ ಜಂಗಲ್ ಬುಕ್ ಮುಂತಾದವನ್ನು ಹಿಂದಿಯಲ್ಲಿ ತೋರಿಸಿತು. ಟಿ.ವಿ. ಇದ್ದ ಮನೆಯ ಪಡಸಾಲೆಯಲ್ಲಿ ಓಣಿಯ ಮಕ್ಕಳೆಲ್ಲ ಸೇರುತ್ತಿದ್ದ ಕಾಲ ಅದು. ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ 1995ರಲ್ಲಿ, ಪೋಗೋ 2004ರಲ್ಲಿ ಬಂದವು. ಕನ್ನಡದ ಮಕ್ಕಳ ವಾಹಿನಿ ಚಿಂಟು ಟಿವಿ 2009ರಲ್ಲಿ ಆರಂಭವಾಯಿತು. ಅದೇ ವರ್ಷದ ಕೊನೆಗೆ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆಯ ಛೋಟಾ ಭೀಮ್ (2008) ಹಾಗೂ ಬೇರೊಂದು ಸಂಸ್ಥೆಯ ಮೋಟು ಪತ್ಲು (2012) ಹೊಡೆದಾಟದ ಹಾಸ್ಯಕ್ಕೆ ಭಾರತದ ಊರು, ತಿಂಡಿ, ಉಡುಪುಗಳನ್ನು ತೊಡಿಸಿದವು.

ಹಳೆಯ ಕಾರ್ಟೂನುಗಳು ಈ ಭಾಗದಲ್ಲಿ ಬೇಗ ಬೇರೂರಲು ಒಂದು ಸರಳ ಕಾರಣವಿದೆ: ಟಾಮ್ ಅಂಡ್ ಜೆರ್ರಿಯಲ್ಲಿ ಮಾತು ಅತಿ ಕಡಿಮೆ. ಕನ್ನಡ, ತೆಲುಗು, ಉರ್ದು, ಲಂಬಾಣಿ ಮಾತಾಡುವ ಮಕ್ಕಳು ಒಟ್ಟಿಗೆ ಬೆಳೆಯುವ ಸೀಮೆಯಲ್ಲಿ ಭಾಷೆ ಬೇಡದ ಹಾಸ್ಯ ಎಲ್ಲರದ್ದೂ ಆಯಿತು.

2016ರ ನಂತರ ಅಗ್ಗದ ಡೇಟಾ ಮತ್ತು ಸ್ಮಾರ್ಟ್‌ಫೋನು ನೋಟದ ರೀತಿಯನ್ನೇ ಬದಲಿಸಿದವು. ಉಣಿಸುವಾಗ, ಅಳು ನಿಲ್ಲಿಸುವಾಗ, ಕೆಲಸದ ಹೊತ್ತಿನಲ್ಲಿ ಮಗುವಿನ ಕೈಗೆ ಮೊಬೈಲು ಕೊಡುವುದು ಪಟ್ಟಣದಂತೆ ಹಳ್ಳಿಯಲ್ಲೂ ರೂಢಿಯಾಯಿತು. ಈ ಜಿಲ್ಲೆಯಿಂದ ಬೆಂಗಳೂರು, ಹೈದರಾಬಾದ್, ಮುಂಬೈ, ಪುಣೆಗಳಿಗೆ ದುಡಿಯಲು ಗುಳೆ ಹೋಗುವ ಕುಟುಂಬಗಳು ಬಹಳ. ಅಂಥ ಮನೆಗಳ ಮಕ್ಕಳು ಅಜ್ಜ ಅಜ್ಜಿಯರ ಬಳಿ ಉಳಿಯುತ್ತಾರೆ, ಇಲ್ಲವೇ ತಂದೆತಾಯಿಯ ಜೊತೆ ಕಟ್ಟಡ ಕೆಲಸದ ಜಾಗದಲ್ಲಿ ದಿನ ಕಳೆಯುತ್ತಾರೆ. ಫೋನಿನಲ್ಲಿ ಒಂದು ತುಣುಕು ಮುಗಿದರೆ ಇನ್ನೊಂದು ತಾನಾಗಿ ಶುರುವಾಗುತ್ತದೆ. ಮುಂದಿನದನ್ನು ಆರಿಸುವುದು ಯಂತ್ರ. ಪರಿಚಿತ ಕಾರ್ಟೂನ್ ಪಾತ್ರಗಳನ್ನು ಬಳಸಿ ಕ್ರೂರ, ಅಸಹ್ಯ ದೃಶ್ಯಗಳನ್ನು ತುಂಬಿದ ವಿಡಿಯೊಗಳು ಮಕ್ಕಳನ್ನು ತಲುಪುತ್ತಿರುವುದು 2017ರಲ್ಲಿ ಜಗತ್ತಿನಾದ್ಯಂತ ಬಯಲಾಯಿತು. ಎಲ್ಸಾಗೇಟ್ ಎಂದು ಹೆಸರಾದ ಈ ಪ್ರಕರಣದ ಮುಂದೆ ಹಳೆಯ ಟಾಮ್ ಮತ್ತು ಜೆರ್ರಿಯ ಜಗಳ ಎಷ್ಟೋ ಮುಗ್ಧ.

ಸಂಶೋಧನೆಗಳು

ಈ ಕ್ಷೇತ್ರದ ಮೊದಲ ಹೆಸರಾಂತ ಪ್ರಯೋಗ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಅವರದು. 1961ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದ 72 ಮಕ್ಕಳನ್ನು ಅವರು ಮೂರು ಗುಂಪು ಮಾಡಿದರು. ಬೋಬೋ ಎಂಬ ಗಾಳಿ ತುಂಬಿದ ಗೊಂಬೆಯನ್ನು ದೊಡ್ಡವರು ಹೊಡೆಯುವುದನ್ನು ನೋಡಿದ ಮಕ್ಕಳು ಅದೇ ಏಟು, ಅದೇ ಮಾತುಗಳನ್ನು ಅನುಕರಿಸಿದರು. 1963ರಲ್ಲಿ 96 ಮಕ್ಕಳೊಡನೆ ನಡೆದ ಎರಡನೆಯ ಪ್ರಯೋಗ ನೇರವಾಗಿ ಕಾರ್ಟೂನಿಗೆ ಸಂಬಂಧಿಸಿದ್ದು. ಒಂದು ಗುಂಪಿಗೆ ಹೊಡೆಯುವ ವ್ಯಕ್ತಿಯನ್ನು ಎದುರಿಗೇ, ಇನ್ನೊಂದಕ್ಕೆ ಚಿತ್ರದಲ್ಲಿ, ಮತ್ತೊಂದಕ್ಕೆ ಕಪ್ಪು ಬೆಕ್ಕಿನ ವೇಷದಲ್ಲಿ ಕಾರ್ಟೂನಿನಂತೆ ತೋರಿಸಿದರು. ಏನನ್ನೂ ನೋಡದ ಗುಂಪಿಗೆ ಹೋಲಿಸಿದರೆ ಚಿತ್ರ ಮತ್ತು ಕಾರ್ಟೂನು ನೋಡಿದವರ ಆಕ್ರಮಣಶೀಲತೆ ಹೆಚ್ಚುಕಡಿಮೆ ಎರಡರಷ್ಟಿತ್ತು. 1965ರ ಪ್ರಯೋಗದಲ್ಲಿ, ಹೊಡೆದವನಿಗೆ ಶಿಕ್ಷೆಯಾದುದನ್ನು ಕಂಡ ಮಕ್ಕಳು ಕಡಿಮೆ ಅನುಕರಿಸಿದರು. ಆದರೆ ಬಹುಮಾನದ ಆಸೆ ತೋರಿಸಿದಾಗ ಅವರೂ ಆ ಏಟುಗಳನ್ನು ಮಾಡಿ ತೋರಿಸಿದರು. ಕಲಿಕೆ ಒಳಗೆ ಆಗಿಹೋಗಿತ್ತು.

1973ರಲ್ಲಿ ಲಿನೆಟ್ ಫ್ರೀಡ್ರಿಕ್ ಮತ್ತು ಅಲೀಥಾ ಸ್ಟೈನ್ ಪ್ರಯೋಗಾಲಯದಿಂದ ಹೊರಬಂದು ಶಿಶುವಿಹಾರದ ದಿನಚರಿಯಲ್ಲೇ ಮಕ್ಕಳನ್ನು ಗಮನಿಸಿದರು. ನಾಲ್ಕು ವಾರ ಬ್ಯಾಟ್‌ಮನ್, ಸೂಪರ್‌ಮನ್ ಕಾರ್ಟೂನು ನೋಡಿದವರಲ್ಲಿ ತಾಳ್ಮೆ ಮತ್ತು ನಿಯಮ ಪಾಲನೆ ತಗ್ಗಿದವು. ಮೊದಲೇ ಜಗಳಗಂಟರಾಗಿದ್ದ ಮಕ್ಕಳಲ್ಲಿ ಮಾತ್ರ ಹೊಡೆದಾಟ ಹೆಚ್ಚಾಯಿತು. ಎಲ್ಲ ಮಕ್ಕಳ ಮೇಲೂ ಒಂದೇ ಪರಿಣಾಮ ಆಗುವುದಿಲ್ಲ ಎಂಬ ಮುಖ್ಯ ತಿಳಿವಳಿಕೆ ಇಲ್ಲಿಂದ ಬಂತು.

ದೀರ್ಘಕಾಲದ ಅಧ್ಯಯನಗಳೂ ಇವೆ. ರೋವೆಲ್ ಹ್ಯೂಸ್ಮನ್ ಮತ್ತು ಸಂಗಡಿಗರು 1977ರಲ್ಲಿ ಶಿಕಾಗೊ ಪ್ರದೇಶದ 557 ಮಕ್ಕಳ ನೋಡುವ ಅಭ್ಯಾಸ ದಾಖಲಿಸಿ, ಹದಿನೈದು ವರ್ಷದ ನಂತರ 329 ಮಂದಿಯನ್ನು ಮತ್ತೆ ಕಂಡರು. ಬಾಲ್ಯದಲ್ಲಿ ಹಿಂಸೆಯನ್ನು ಹೆಚ್ಚು ನೋಡಿದವರಲ್ಲಿ ದೊಡ್ಡವರಾದ ಮೇಲೆ ಆಕ್ರಮಣಶೀಲತೆ ಹೆಚ್ಚಿದ್ದುದು 2003ರ ಅವರ ಲೇಖನದಲ್ಲಿ ಪ್ರಕಟವಾಯಿತು. ಹೈಜುಂಗ್ ಪೈಕ್ ಮತ್ತು ಜಾರ್ಜ್ ಕಾಮ್‌ಸ್ಟಾಕ್ 1994ರಲ್ಲಿ 217 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಪರದೆಯ ಹಿಂಸೆ ಮತ್ತು ಆಕ್ರಮಣಶೀಲತೆಯ ನಡುವೆ ಸಂಬಂಧ ಕಂಡಿತು. ಹೊಡೆತಕ್ಕಿಂತ ವೇಗವನ್ನು ಗಮನಿಸಿದ್ದು ಏಂಜಲಿನ್ ಲಿಲ್ಲಾರ್ಡ್ ಮತ್ತು ಜೆನಿಫರ್ ಪೀಟರ್ಸನ್ ಅವರ 2011ರ ಪ್ರಯೋಗ. ವೇಗದ ಕಾರ್ಟೂನನ್ನು ಒಂಬತ್ತು ನಿಮಿಷ ನೋಡಿದ ನಾಲ್ಕು ವರ್ಷದ ಮಕ್ಕಳು, ಅಷ್ಟು ಹೊತ್ತು ಚಿತ್ರ ಬರೆದ ಮಕ್ಕಳಿಗಿಂತ ಏಕಾಗ್ರತೆ ಮತ್ತು ಸಂಯಮದ ಪರೀಕ್ಷೆಗಳಲ್ಲಿ ಹಿಂದೆ ಬಿದ್ದರು.

ವಯಸ್ಸಿನ ಮಹತ್ವ

ಮೂರು ವರ್ಷದ ಮಗುವೂ ಹತ್ತು ವರ್ಷದ ಮಗುವೂ ಒಂದೇ ಕಾರ್ಟೂನನ್ನು ನೋಡಿ ಬೇರೆ ಬೇರೆ ಅರ್ಥ ಮಾಡಿಕೊಳ್ಳುತ್ತವೆ. ಸುಮಾರು ಏಳು ವರ್ಷದವರೆಗೆ ಕಂಡದ್ದು ನಿಜವೋ ಕಟ್ಟುಕತೆಯೋ ಎಂಬ ವಿವೇಚನೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಮೊದಲು ಮಾಡಿದ ತಪ್ಪಿಗೂ ಕೊನೆಯಲ್ಲಿ ಬರುವ ಶಿಕ್ಷೆಗೂ ನಂಟು ಕಲ್ಪಿಸುವುದೂ ಆ ವಯಸ್ಸಿಗೆ ಕಷ್ಟ. ಎಂಟು ಹತ್ತು ವರ್ಷದ ಮಕ್ಕಳು ಬೆಕ್ಕು ಇಲಿಯ ಜಗಳವನ್ನು ಆಟವೆಂದೇ ತಿಳಿಯುತ್ತಾರೆ. ಡಿಮಿಟ್ರಿ ಕ್ರಿಸ್ಟಾಕಿಸ್ ಮತ್ತು ಫ್ರೆಡೆರಿಕ್ ಝಿಮ್ಮರ್‌ಮನ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಎಳೆಯ ವಯಸ್ಸಿನ ಕಡೆಗೇ ಬೆರಳು ಮಾಡುತ್ತದೆ. 2ರಿಂದ 5ರ ವಯಸ್ಸಿನಲ್ಲಿ ಹಿಂಸೆಯ ಕಾರ್ಯಕ್ರಮ ನೋಡಿದ ಗಂಡುಮಕ್ಕಳಲ್ಲಿ 7ರಿಂದ 10ರ ವಯಸ್ಸಿಗೆ ದುರ್ವರ್ತನೆ ಹೆಚ್ಚು ಕಂಡಿತು. ಹೆಣ್ಣುಮಕ್ಕಳಲ್ಲಿ ಆ ಸಂಬಂಧ ಕಾಣಲಿಲ್ಲ. ಶೈಕ್ಷಣಿಕ ಕಾರ್ಯಕ್ರಮ ನೋಡಿದ್ದರಿಂದ ಇಂಥ ತೊಂದರೆ ಕಂಡುಬರಲಿಲ್ಲ.

ಅನುಕರಣೆಯ ಅಪಾಯ ಹೊಡೆದಾಟಕ್ಕೆ ಸೀಮಿತವಲ್ಲ. ಶಕ್ತಿಮಾನ್ ಧಾರಾವಾಹಿ (1997) ಪ್ರಸಾರವಾಗುತ್ತಿದ್ದಾಗ, ನಾಯಕ ಬಂದು ಕಾಪಾಡುತ್ತಾನೆಂದು ನಂಬಿ ಮಕ್ಕಳು ಅಪಾಯಕ್ಕೆ ಒಡ್ಡಿಕೊಂಡ ವರದಿಗಳು ದೇಶದಲ್ಲಿ ದೊಡ್ಡ ಚರ್ಚೆ ಎಬ್ಬಿಸಿದವು. 2017ರ ನವೆಂಬರ್‌ನಲ್ಲಿ ದಾವಣಗೆರೆ ಜಿಲ್ಲೆಯ ಪುಟ್ಟ ಬಾಲಕಿಯೊಬ್ಬಳು ಸುಟ್ಟಗಾಯಗಳಿಂದ ಮೃತಪಟ್ಟಳು. ಧಾರಾವಾಹಿಯೊಂದರ ಬೆಂಕಿಯ ದೃಶ್ಯವನ್ನು ಅನುಕರಿಸಲು ಹೋಗಿದ್ದಳು ಎಂದು ಹೆತ್ತವರು ತಿಳಿಸಿದ್ದು ಪತ್ರಿಕೆಗಳಲ್ಲಿ ಬಂತು. ಇವು ಕಾರ್ಟೂನುಗಳಲ್ಲ. ಆದರೂ ಬೆಂಕಿ ಸುಡದ, ಬಿದ್ದರೆ ಮೂಳೆ ಮುರಿಯದ ಲೋಕವನ್ನು ಎಳೆಯ ಮಗುವಿಗೆ ವಿವರಣೆಯಿಲ್ಲದೆ ತೋರಿಸಬಾರದು ಎಂಬುದಕ್ಕೆ ಇಂಥ ಸಂಕಟಗಳೇ ಸಾಕ್ಷಿ.

ಭಿನ್ನ ಅಭಿಪ್ರಾಯಗಳು

ಬಂಡೂರ ಅವರ ತೀರ್ಮಾನವನ್ನು ಎಲ್ಲರೂ ಒಪ್ಪಿಲ್ಲ. ಬೋಬೋ ಗೊಂಬೆ ಹೊಡೆಯಲೆಂದೇ ಮಾಡಿದ್ದು, ಅದನ್ನು ಹೊಡೆದ ಮಗು ಇನ್ನೊಂದು ಮಗುವನ್ನು ಹೊಡೆಯುತ್ತದೆಂದು ಹೇಳಲಾಗದು ಎಂಬುದು ಒಂದು ಆಕ್ಷೇಪ. ಹಿಂಸೆಯ ಕಾರ್ಯಕ್ರಮ ಮಗುವನ್ನು ಒರಟಾಗಿಸಿತೋ, ಒರಟು ಸ್ವಭಾವದ ಮಗು ಅಂಥ ಕಾರ್ಯಕ್ರಮ ಹುಡುಕಿತೋ ಎಂಬ ಪ್ರಶ್ನೆ ಸಮೀಕ್ಷೆಗಳಿಗೆ ಸದಾ ಎದುರಾಗುತ್ತದೆ. ಮನೋವಿಜ್ಞಾನಿ ಕ್ರಿಸ್ಟೋಫರ್ ಫರ್ಗುಸನ್, ಪರಿಣಾಮ ಇದೆ ಎನ್ನುವ ಅಧ್ಯಯನಗಳೇ ಹೆಚ್ಚು ಪ್ರಕಟವಾಗುತ್ತವೆ, ಹಾಗಾಗಿ ಅಪಾಯ ದೊಡ್ಡದಾಗಿ ಕಾಣುತ್ತದೆ ಎಂದು ವಾದಿಸಿದ್ದಾರೆ. ಕಾರ್ಟೂನಿನ ಹೊಡೆತ ಮತ್ತು ನಿಜವಾದ ಹೊಡೆತಗಳನ್ನು ಮಕ್ಕಳು ಬೇರೆ ಮಾಡಿ ನೋಡಬಲ್ಲರು ಎಂಬ ವಾದ ಫ್ರಾನ್ ಬ್ಲಂಬರ್ಗ್ ಮತ್ತು ಸಂಗಡಿಗರ 2008ರ ಲೇಖನದಲ್ಲಿದೆ. ಕುಸ್ತಿ, ಅಟ್ಟಾಟ, ಸುಳ್ಳು ಜಗಳಗಳು ಮಕ್ಕಳ ಆರೋಗ್ಯಕರ ಆಟಗಳು. ನಗುತ್ತಾ ಆಡುವ ಜಗಳವನ್ನು ದ್ವೇಷದ ಹೊಡೆದಾಟದೊಂದಿಗೆ ಬೆರೆಸಬಾರದು ಎಂದೂ ಶಿಶುತಜ್ಞರು ಎಚ್ಚರಿಸುತ್ತಾರೆ.

ಎರಡೂ ಕಡೆಯ ಮಾತುಗಳನ್ನು ತೂಗಿದರೆ ಒಂದು ನಿಲುವು ಗಟ್ಟಿಯಾಗಿ ನಿಲ್ಲುತ್ತದೆ. ಹಳೆಯ ಕಾರ್ಟೂನು ಒಳ್ಳೆಯ ಮಗುವನ್ನು ಕ್ರೂರಿಯನ್ನಾಗಿ ಮಾಡುವುದಿಲ್ಲ. ಮಗು ತೀರಾ ಚಿಕ್ಕದಾಗಿದ್ದು, ಗಂಟೆಗಟ್ಟಲೆ ನೋಡುತ್ತಾ, ಒಂಟಿಯಾಗಿ ಕುಳಿತಿದ್ದರೆ, ಅದರ ಸುತ್ತ ಮೊದಲೇ ಜಗಳದ ವಾತಾವರಣವಿದ್ದರೆ ಮಾತ್ರ ಅಪಾಯ ಬೆಳೆಯುತ್ತದೆ.

ನಿಯಂತ್ರಣ

ಪೆಗಿ ಚಾರೆನ್ 1968ರಲ್ಲಿ ಕಟ್ಟಿದ ಪಾಲಕರ ಸಂಘಟನೆ ಅಮೆರಿಕದ ಮಕ್ಕಳ ಟಿ.ವಿ. ಸುಧಾರಣೆಗೆ ಕಾಲು ಶತಮಾನ ಹೋರಾಡಿತು. 1972ರಲ್ಲಿ ಅಲ್ಲಿನ ಸರ್ಜನ್ ಜನರಲ್ ವರದಿ ಪರದೆಯ ಹಿಂಸೆಯ ಬಗ್ಗೆ ಎಚ್ಚರಿಕೆ ಕೊಟ್ಟಿತು. ಈ ಒತ್ತಡದಲ್ಲಿ 1975ರ ಟಾಮ್ ಅಂಡ್ ಜೆರ್ರಿ ಸರಣಿ ಇಬ್ಬರನ್ನೂ ಗೆಳೆಯರನ್ನಾಗಿಸಿ ಹೊಡೆದಾಟ ಕೈಬಿಟ್ಟಿತು. ಆದರೆ ಜನರ ಮನಸ್ಸಿನಲ್ಲಿ ಉಳಿದದ್ದು ಹಳೆಯ ಚಿತ್ರಗಳೇ. ಕತ್ತರಿ ಹಾಕುವುದರಿಂದ ಸಮಸ್ಯೆ ಬಗೆಹರಿಯುವುದಿಲ್ಲ ಎಂಬ ಪಾಠ ಇದರಲ್ಲಿದೆ.

ಭಾರತದಲ್ಲಿ 1994ರ ಕೇಬಲ್ ಟೆಲಿವಿಷನ್ ಜಾಲಗಳ ನಿಯಮಗಳ ಕಾರ್ಯಕ್ರಮ ಸಂಹಿತೆ, ಮಕ್ಕಳ ಕಾರ್ಯಕ್ರಮಗಳಲ್ಲಿ ಕೆಟ್ಟ ಮಾತು ಮತ್ತು ಢಾಳಾದ ಹಿಂಸೆ ಇರಬಾರದೆನ್ನುತ್ತದೆ. ಮಕ್ಕಳು ಹೆಚ್ಚಾಗಿ ನೋಡುವ ಹೊತ್ತಿನಲ್ಲಿ ಅವರಿಗೆ ತಕ್ಕದ್ದಲ್ಲದ ಕಾರ್ಯಕ್ರಮ ಹಾಕಬಾರದೆನ್ನುತ್ತದೆ. 2008ರಲ್ಲಿ ಜಪಾನಿನ ಶಿನ್‌ಚಾನ್ ಕಾರ್ಟೂನಿನ ಪ್ರಸಾರವನ್ನು ಸರ್ಕಾರ ತಡೆದಿತ್ತು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಓ.ಟಿ.ಟಿ. ಕಾರ್ಯಕ್ರಮಗಳಿಗೆ 7, 13, 16 ವರ್ಷಗಳ ವಯೋಗುರುತು ಕಡ್ಡಾಯ ಮಾಡಿದವು. ಆದರೆ 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಅತಿ ಕಡಿಮೆ. ಅಕ್ಷರ ಬಾರದ ಅಜ್ಜಿಯ ಕೈಯಲ್ಲಿರುವ ಫೋನಿನ ಮೂಲೆಯಲ್ಲಿ ಮೂಡುವ ಗುರುತು ಮೊಮ್ಮಗುವನ್ನು ಕಾಯಲಾರದು. ಈ ಸೀಮೆಗೆ ಬರೆದ ಎಚ್ಚರಿಕೆಗಿಂತ ಬಾಯಿಮಾತಿನ ತಿಳಿವಳಿಕೆ ಹೆಚ್ಚು ಅಗತ್ಯ.

ಪಾಲಕರು, ಶಾಲೆ ಮತ್ತು ಊರಿನ ಹೊಣೆ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಂದು ವರ್ಷದೊಳಗಿನ ಶಿಶುಗಳಿಗೆ ಪರದೆ ಬೇಡವೆಂದೂ 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ಹೇಳಿತು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆಯೂ ಇದಕ್ಕೆ ಹತ್ತಿರ: ಎರಡು ವರ್ಷದವರೆಗೆ ಪರದೆ ಬೇಡ, ಐದರವರೆಗೆ ಒಂದು ಗಂಟೆಯೊಳಗೆ. ಪರದೆಯ ಗೀಳಿಗೆ ಬಿದ್ದವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಿಂದ ಪ್ರತ್ಯೇಕ ಚಿಕಿತ್ಸಾಲಯ ನಡೆಸುತ್ತಿದೆ.

ಸಮಯ ಇಳಿಸಲಾಗದ ಮನೆಗಳಿಗೂ ದಾರಿಯಿದೆ. ಕ್ರಿಸ್ಟಾಕಿಸ್ ಮತ್ತು ಸಂಗಡಿಗರು 2013ರಲ್ಲಿ 565 ಕುಟುಂಬಗಳೊಂದಿಗೆ ನಡೆಸಿದ ಪ್ರಯೋಗದಲ್ಲಿ ನೋಡುವ ಹೊತ್ತನ್ನು ಕಡಿಮೆ ಮಾಡಿಸಲಿಲ್ಲ. ಹಿಂಸೆಯ ಕಾರ್ಯಕ್ರಮದ ಬದಲು ಸ್ನೇಹ, ಸಹಕಾರದ ಕಾರ್ಯಕ್ರಮ ಹಾಕಿಸಿದರು, ಮಗುವಿನ ಜೊತೆ ಕುಳಿತು ನೋಡಲು ಪಾಲಕರನ್ನು ಹುರಿದುಂಬಿಸಿದರು. ಆರು ತಿಂಗಳಲ್ಲಿ 3ರಿಂದ 5 ವರ್ಷದ ಮಕ್ಕಳ ನಡವಳಿಕೆ ಸುಧಾರಿಸಿತು. ಇದಕ್ಕೆ ಹಣ ಬೇಕಿಲ್ಲ, ಓದು ಬರಹವೂ ಬೇಕಿಲ್ಲ. ಟಾಮ್‌ಗೆ ಪೆಟ್ಟು ಬಿದ್ದಾಗ ‘ನಿನಗೆ ಹಾಂಗ ಹೊಡದ್ರ ನೋವಾಗ್ತದಿಲ್ಲೋ?’ ಎಂದು ಕೇಳುವ ಅಜ್ಜಿ ತಜ್ಞರು ಹೇಳುವ ಕೆಲಸವನ್ನೇ ಮಾಡುತ್ತಿರುತ್ತಾಳೆ.

ಊರಿನ ಮಟ್ಟದಲ್ಲಿ ಇದಕ್ಕೆ ನೆಲೆಗಳೂ ಇವೆ. 3ರಿಂದ 6 ವರ್ಷದ ಮಕ್ಕಳು ಅಂಗನವಾಡಿಗೆ ಬರುತ್ತಾರೆ. ಬಾಲವಿಕಾಸ ಸಮಿತಿಯ ಸಭೆಗಳಲ್ಲಿ ತಾಯಂದಿರೊಡನೆ ಮೊಬೈಲಿನ ಬಗ್ಗೆ ಮಾತಾಡಬಹುದು. ಉದ್ಯೋಗ ಖಾತರಿ ಕೂಲಿಕಾರರ ಮಕ್ಕಳಿಗಾಗಿ 2023ರಲ್ಲಿ ಘೋಷಣೆಯಾದ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರ ಮಗುವಿಗೆ ಫೋನಿನ ಬದಲು ಮನುಷ್ಯರ ಸಂಗ ಕೊಡುತ್ತದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಮಕ್ಕಳು ಒಟ್ಟಿಗೆ ನೋಡಿ, ನಕ್ಕು, ಚರ್ಚಿಸಬಹುದು. ಗೋಲಿ, ಬುಗುರಿ, ಚಿಣ್ಣಿದಾಂಡು ಆಡುವ ಮಗುವಿಗೆ ಪೆಟ್ಟಾದರೆ ನೋವಾಗುತ್ತದೆ ಎಂಬುದನ್ನು ಮೈಯೇ ಕಲಿಸುತ್ತದೆ.

ಬೆಕ್ಕು ಇಲಿಯ ಹಾಸ್ಯ ಕಲೆಯಾಗಿ ದೊಡ್ಡದು. ಮಕ್ಕಳಿಂದ ಅದನ್ನು ಕಸಿದುಕೊಳ್ಳುವ ಅಗತ್ಯವಿಲ್ಲ. ಅದಕ್ಕೆ ತಕ್ಕ ವಯಸ್ಸು, ಮಿತಿಯಾದ ಹೊತ್ತು ಮತ್ತು ಪಕ್ಕದಲ್ಲೊಬ್ಬರು ಹಿರಿಯರು ಇರುವಂತೆ ನೋಡಿಕೊಳ್ಳುವುದು ದೊಡ್ಡವರ ಹೊಣೆ. ಕೂಲಿ, ಗುಳೆ, ಬಡತನಗಳ ನಡುವೆ ಈ ಹೊಣೆ ಒಬ್ಬ ತಾಯಿಯ ಹೆಗಲಿಗೆ ಭಾರವಾದರೆ ಅಂಗನವಾಡಿ, ಶಾಲೆ, ಪಂಚಾಯಿತಿಗಳು ಅದನ್ನು ಹಂಚಿಕೊಳ್ಳಬೇಕು.